ಸೂಜಿಗೂ ಕೊಕ್ಕೆಗೂ ಗಳಿಗೆ ಕೂಡಬೇಕು

ಗೌರಿ ಹಬ್ಬಕ್ಕೆ ಎಂಟು ದಿನ ಇತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಾ ಎಂದರೆ ಬರಲೊಲ್ಲ, ಹೋಗು ಎಂದರೆ ಹೋಗಲೊಲ್ಲ. ಕಡೆಗೆ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದ:

“ಸಾರ್, ಹೊಲಿಗೆ ಮಿಷನ್ ಟೈಮಿಂಗ್ ಅಂದ್ರೆ ಏನು ಸಾರ್?”

“ಪರೀಕ್ಷೆಗೆ ಬರೋದಿಲ್ಲವಲ್ಲೋ ಅದು, ನಿನಗೇಕೆ?” ಎಂದೆ.

ವಿಷಯ ನಿಧಾನವಾಗಿ ಹೊರಬಂತು. ಅವನ ತಾಯಿ ಮನೆಯಲ್ಲೇ ರವಿಕೆ ಹೊಲಿದು ಸಂಸಾರ ತೂಗಿಸುವವರು. ಅವರ ತಾಯಿಯ ಕಾಲದ ಕಪ್ಪು ಬಣ್ಣದ, ಕಾಲಲ್ಲಿ ತುಳಿಯುವ ಮಿಷನ್. ಅಮ್ಮ ರೇಷನ್ ತರಲು ಹೋದಾಗ ಈತ ತನ್ನ ಶಾಲೆಯ ಚೀಲದ ಕಿತ್ತುಹೋದ ಪಟ್ಟಿಯನ್ನು ತಾನೇ ಹೊಲಿಯಲು ಕುಳಿತಿದ್ದಾನೆ. ನಾಲ್ಕು ಪದರ ದಪ್ಪಬಟ್ಟೆ ಸೇರುವ ಕಡೆ ‘ಟಕ್’ ಎಂದು ಸೂಜಿ ಮುರಿದಿದೆ. ಚೂರುಗಳನ್ನು ಆರಿಸಿ ಬಿಸಾಡಿ, ಡಬ್ಬಿಯಿಂದ ಹೊಸ ಸೂಜಿ ತೆಗೆದು ಹಾಕಿ, ಏನೂ ಆಗದವನಂತೆ ಎದ್ದಿದ್ದಾನೆ. ಅಂದಿನಿಂದ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದೆ. ನೋಡಲು ಬಂದ ರಿಪೇರಿಯವರು, “ಟೈಮಿಂಗ್ ಹೋಗಿದೆ ಅಮ್ಮಾ, ವಯಸ್ಸಾದ ಮಿಷನ್ನು. ಇದಕ್ಕೆ ದುಡ್ಡು ಹಾಕೋ ಬದಲು ಹೊಸದು ತಗೊಳ್ಳಿ” ಎಂದು ಹೇಳಿ ಹೋಗಿದ್ದಾರೆ. ಹಬ್ಬಕ್ಕೆ ಒಪ್ಪಿಕೊಂಡ ಹನ್ನೊಂದು ರವಿಕೆಗಳು ಹಾಗೆಯೇ ಗಂಟಿನಲ್ಲಿವೆ.

“ಸೂಜಿ ಮುರಿದದ್ದನ್ನು ಅಮ್ಮನಿಗೆ ಹೇಳಿದೆಯಾ?”

ಹುಡುಗ ತಲೆ ತಗ್ಗಿಸಿದ.

“ಭಾನುವಾರ ಬಂದು ನೋಡುತ್ತೇನೆ. ಆದರೆ ನಾನು ಬರುವ ಮೊದಲು ನೀನು ಹೇಳಿರಬೇಕು” ಎಂದು ಕಳುಹಿಸಿದೆ.

ಈ ವಾರದ ಅಂಕಣ ಆ ಹುಡುಗನ ಪ್ರಶ್ನೆಗೆ ಉತ್ತರ. ಮನೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕುಳಿತ ಹಳೆಯ ಹೊಲಿಗೆ ಯಂತ್ರವಿದ್ದರೆ, ಓದುತ್ತ ಅದರ ಪಕ್ಕದಲ್ಲೇ ಕುಳಿತುಕೊಳ್ಳಿ.

ತುದಿಯಿಲ್ಲದ ಎರಡು ದಾರಗಳು

ಕೈಹೊಲಿಗೆಯಲ್ಲಿ ಸೂಜಿ ಬಟ್ಟೆಯನ್ನು ಪೂರ್ತಿ ದಾಟಿ ಆಚೆ ಹೋಗುತ್ತದೆ, ಮತ್ತೆ ಪೂರ್ತಿ ಈಚೆ ಬರುತ್ತದೆ. ದಾರದ ತುದಿಯೂ ಅದರ ಬೆನ್ನಿಗೇ ಬರುತ್ತದೆ. ಯಂತ್ರದಲ್ಲಿ ಹಾಗಾಗುವಂತಿಲ್ಲ, ಏಕೆಂದರೆ ಸೂಜಿಯ ಬುಡವನ್ನು ಒಂದು ಸರಳು ಬಿಗಿಯಾಗಿ ಹಿಡಿದಿದೆ. ಆದ್ದರಿಂದ ಸೂಜಿಯ ಕಣ್ಣು ಬುಡದಿಂದ ಮೊನೆಯ ಹತ್ತಿರಕ್ಕೆ ಬರಬೇಕಾಯಿತು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1830ರ ದಶಕದಲ್ಲೇ ಇಂಥ ಸೂಜಿಯ ಯಂತ್ರ ಮಾಡಿದ್ದರೂ ಆಗ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಎಲಿಯಾಸ್ ಹೋವ್ 1846ರಲ್ಲಿ ಪಡೆದ. 1851ರಲ್ಲಿ ಐಸಾಕ್ ಸಿಂಗರ್ ಅದನ್ನು ಇನ್ನಷ್ಟು ಬಳಕೆಗೆ ಬರುವಂತೆ ಮಾಡಿದ. ಬಟ್ಟೆಯನ್ನು ಕೆಳಗಿನಿಂದ ಕಚ್ಚಿ ಮುಂದೆ ತಳ್ಳುವ ಹಲ್ಲುಗಳಿವೆಯಲ್ಲ, ಅವುಗಳ ಏಳು–ಮುಂದೆ ಸಾಗು–ಇಳಿ–ಹಿಂದೆ ಬಾ ಎಂಬ ನಾಲ್ಕು ಹೆಜ್ಜೆಯ ನಡಿಗೆಗೆ 1854ರಲ್ಲಿ ಅಲೆನ್ ವಿಲ್ಸನ್ ಪೇಟೆಂಟ್ ಪಡೆದ.

ಈಗ ಒಂದು ಒಗಟು. ಮೇಲಿನ ದಾರದ ಒಂದು ತುದಿ ಬಟ್ಟೆಯಲ್ಲಿದೆ, ಇನ್ನೊಂದು ತುದಿ ರೀಲಿನಲ್ಲಿದೆ. ಕೆಳಗಿನ ದಾರದ ಒಂದು ತುದಿ ಬಟ್ಟೆಯಲ್ಲಿದೆ, ಇನ್ನೊಂದು ಬಾಬಿನ್‌ನಲ್ಲಿದೆ. ಕೈಗೆ ತುದಿಯೇ ಸಿಗದ ಎರಡು ದಾರಗಳನ್ನು ಒಂದಕ್ಕೊಂದು ಹೆಣೆಯುವುದು ಹೇಗೆ?

ಉಪಾಯ ಸರಳ. ಮೇಲಿನ ದಾರದಲ್ಲಿ ಒಂದು ಕುಣಿಕೆ ಮಾಡಿ, ಇಡೀ ಬಾಬಿನ್ ಅನ್ನೇ ಆ ಕುಣಿಕೆಯೊಳಗಿಂದ ದಾಟಿಸಿಬಿಡುವುದು! ಬಾಬಿನ್ ಕೇಸನ್ನು ಹೊತ್ತ ಶಟಲ್ ಯಾವ ಅಚ್ಚಿಗೂ ಕಟ್ಟಿಕೊಂಡಿಲ್ಲ. ತನ್ನ ದುಂಡು ಓಣಿಯಲ್ಲಿ ಸಡಿಲವಾಗಿ ಕುಳಿತಿದೆ. ಹಿಂದಿನಿಂದ ಒಂದು ಉಕ್ಕಿನ ತುಂಡು ಅದನ್ನು ತಳ್ಳುತ್ತದೆ ಅಷ್ಟೆ. ತಳ್ಳುವ ತುಂಡಿಗೂ ಶಟಲ್‌ಗೂ ನಡುವೆ ಇರುವ ಸಣ್ಣ ಸಂದಿನಲ್ಲಿ ದಾರದ ಕುಣಿಕೆ ಜಾರಿಕೊಂಡು ಹೋಗುತ್ತದೆ.

ನಮ್ಮ ಮನೆಗಳ ಹಳೆಯ ಕಪ್ಪು ಯಂತ್ರಗಳಲ್ಲಿ ಶಟಲ್ ಪೂರ್ತಿ ಸುತ್ತುವುದಿಲ್ಲ. ಸುಮಾರು ಅರ್ಧ ಸುತ್ತು ಹೋಗಿ ಹಿಂದಿರುಗುತ್ತದೆ, ತೊಟ್ಟಿಲು ತೂಗಿದಂತೆ. ಸಿಂಗರ್ ಕಂಪನಿ 1879ರಲ್ಲಿ ಹೊರತಂದ ಮಾದರಿಯ ವಂಶ ಇದು. 1930ರ ದಶಕದಲ್ಲಿ ಕಲ್ಕತ್ತೆಯ ಜೈ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರಗಳನ್ನು ತಯಾರಿಸತೊಡಗಿತು. ಆಮೇಲೆ ನಮ್ಮ ಹಳ್ಳಿಗಳಲ್ಲೂ ಇವು ಮನೆಮಾತಾದವು. ಯಂತ್ರಗಳ ಹುಚ್ಚನ್ನು ಒಪ್ಪದ ಗಾಂಧೀಜಿ 1924ರಲ್ಲಿ ತಮ್ಮ ಮಾತಿಗೆ ಒಂದು ವಿನಾಯಿತಿ ಕೊಟ್ಟಾಗ, ಅವರು ಹೆಸರಿಸಿದ್ದು ಈ ಹೊಲಿಗೆ ಯಂತ್ರವನ್ನೇ.

ಕುಣಿಕೆ ಮೂಡುವುದು ಹೇಗೆ?

ಯಂತ್ರದ ಸೂಜಿಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ಉದ್ದಕ್ಕೂ ಒಂದು ಗೀರು ಇದೆ. ಇನ್ನೊಂದು ಕಡೆ ಬುಡ ಚಪ್ಪಟೆಯಾಗಿದೆ. ಅದೇ ಕಡೆ ಕಣ್ಣಿನ ಸ್ವಲ್ಪ ಮೇಲೆ ಹಲವು ಸೂಜಿಗಳಲ್ಲಿ ಚಿಕ್ಕದೊಂದು ತಗ್ಗೂ ಇರುತ್ತದೆ. ಇವು ಯಾವುವೂ ಅಂದಕ್ಕಾಗಿ ಮಾಡಿದವಲ್ಲ.

ಸೂಜಿ ಇಳಿಯುವಾಗ ದಾರ ಗೀರಿನೊಳಗೆ ಅಡಗಿ ಬಟ್ಟೆಗೆ ತಾಗದೆ ಸರಾಗವಾಗಿ ಇಳಿಯುತ್ತದೆ. ಇನ್ನೊಂದು ಕಡೆ ಉದ್ದ ಗೀರು ಇಲ್ಲದಿರುವುದರಿಂದ ದಾರ ಸೂಜಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಸೂಜಿ ಕೆಳತುದಿ ಮುಟ್ಟಿ ಮತ್ತೆ ಮೇಲೇಳಲು ಶುರುಮಾಡಿದಾಗ ಗೀರಿನ ಕಡೆಯ ದಾರ ಅದರ ಜೊತೆ ಏಳುತ್ತದೆ, ಇನ್ನೊಂದು ಕಡೆಯದನ್ನು ಬಟ್ಟೆಯ ಘರ್ಷಣೆ ತಡೆಯುತ್ತದೆ. ಮೇಲೇಳಲಾಗದ ದಾರ ಹೊರಕ್ಕೆ ಉಬ್ಬುತ್ತದೆ. ಅದೇ ಕುಣಿಕೆ. ಎಂಟನೇ ತರಗತಿಯಲ್ಲಿ ಓದಿದ ‘ಘರ್ಷಣೆ’ ಇಲ್ಲದಿದ್ದರೆ ನೀವು ತೊಟ್ಟ ಅಂಗಿಯ ಒಂದು ಹೊಲಿಗೆಯೂ ಬೀಳುತ್ತಿರಲಿಲ್ಲ.

ಸೂಜಿ ಸುಮಾರು 2 ಮಿ.ಮೀ. ಮೇಲೆದ್ದಾಗ ಕುಣಿಕೆ ಹದವಾಗಿರುತ್ತದೆ. ಸರಿಯಾಗಿ ಆ ಗಳಿಗೆಗೆ ಶಟಲ್‌ನ ಕೊಕ್ಕೆಯ ಮೊನೆ ಬಂದು, ಕಣ್ಣಿಗಿಂತ ಒಂದೂವರೆ ಮಿ.ಮೀ.ನಷ್ಟು ಮೇಲೆ, ಸೂಜಿಗೆ ತಾಗಿಯೂ ತಾಗದಂತೆ ಹಾದು, ಕುಣಿಕೆಯನ್ನು ಎತ್ತಿಕೊಳ್ಳಬೇಕು. ಮೊನೆಗೂ ಸೂಜಿಗೂ ನಡುವಿನ ಅಂತರ ಒಂದು ತೆಳು ಕಾಗದದಷ್ಟು. ಸೂಜಿಗೂ ಕೊಕ್ಕೆಗೂ ನಡುವಿನ ಈ ಹೊಂದಾಣಿಕೆಗೇ ಟೈಮಿಂಗ್ ಎಂದು ಹೆಸರು. ಮದುವೆ ಮುಹೂರ್ತದ ಹಾಗೆ. ಮೊದಲಾದರೂ ಆಗದು, ತಡವಾದರೂ ಆಗದು.

ಈ ಗಳಿಗೆ ಎಷ್ಟು ಚಿಕ್ಕದು? ಲೆಕ್ಕ ಹಾಕೋಣ. ಚಕ್ರ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10 ಹೊಲಿಗೆ, ಒಂದು ಹೊಲಿಗೆಗೆ ಸೆಕೆಂಡಿನ ಹತ್ತನೇ ಒಂದು ಭಾಗ. ಸೂಜಿಯ ಏರಿಳಿತ 30 ಮಿ.ಮೀ. ಇದ್ದರೆ, ಕೆಳತುದಿಯಿಂದ 2 ಮಿ.ಮೀ. ಏಳಲು ಚಕ್ರ ಸುಮಾರು 30 ಡಿಗ್ರಿ, ಅಂದರೆ ಒಂದು ಸುತ್ತಿನ ಹನ್ನೆರಡನೇ ಒಂದು ಭಾಗ ತಿರುಗಬೇಕು. ಹಾಗಾದರೆ ಕುಣಿಕೆ ಮೂಡಲು ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗ! ಅದೇ ಸೂಜಿ ತನ್ನ ದಾರಿಯ ನಡುವಿನಲ್ಲಿರುವಾಗ ಚಕ್ರ 30 ಡಿಗ್ರಿ ತಿರುಗಿದರೆ ಸುಮಾರು 8 ಮಿ.ಮೀ. ಓಡಿಬಿಡುತ್ತದೆ. ಉಯ್ಯಾಲೆ ತುದಿಗೆ ಹೋದಾಗ ಕ್ಷಣ ನಿಂತಂತಾಗಿ, ನಡುವೆ ರಭಸವಾಗಿ ಹಾಯುವುದನ್ನು ನೋಡಿದ್ದೀರಲ್ಲ, ಹಾಗೆಯೇ ಇದೂ. ಪಿ.ಯು.ಸಿ.ಯವರು ಇದನ್ನು ಸರಳ ಸಂಗತ ಚಲನೆ ಎಂದು ಓದುತ್ತಾರೆ.

ಟೈಮಿಂಗ್‌ಗೆ ವಯಸ್ಸಾಗುತ್ತದೆಯೇ?

ಸೂಜಿಯನ್ನು ಕುಣಿಸುವುದು ಯಂತ್ರದ ಮೇಲಿನ ಅಚ್ಚು. ಅದೇ ಅಚ್ಚಿನಿಂದ ಕಂಬದೊಳಗೆ ಇಳಿದ ಒಂದು ದಂಡ ಕೆಳಗಿನ ಶಟಲನ್ನು ತೂಗುತ್ತದೆ. ಎರಡಕ್ಕೂ ಒಂದೇ ಚಕ್ರ, ನಡುವೆ ಇರುವುದೆಲ್ಲ ಗಟ್ಟಿ ಉಕ್ಕು. ಹಾಗಾಗಿ ಮನೆಯಲ್ಲಿ ನಡೆಯುವ ಇಂಥ ಯಂತ್ರದಲ್ಲಿ ಟೈಮಿಂಗ್ ಒಂದು ದಿನ ತಾನಾಗಿಯೇ ಎದ್ದು ಹೋಗುವುದಿಲ್ಲ. ಬಹುಕಾಲ ಎಣ್ಣೆ ಕಾಣದೆ ಭಾಗಗಳು ಸವೆದಿದ್ದರೆ ಸ್ವಲ್ಪ ಸ್ವಲ್ಪವಾಗಿ ಕೆಡುತ್ತದೆ. ನಿನ್ನೆ ಸರಿಯಿದ್ದು ಇಂದು ಕೆಟ್ಟಿದ್ದರೆ, ಏನೋ ಒಂದು ಜಾರಿದೆ ಎಂದೇ ಅರ್ಥ. ಯಾವಾಗ, ಏನು ಮಾಡುವಾಗ ಎಂಬುದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆಯೇ.

ರಿಪೇರಿಯವರ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ಸೂಜಿ ಮುರಿದ ಸಂಗತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ರೋಗಿ ಮುಚ್ಚಿಟ್ಟರೆ ವೈದ್ಯರು ವಯಸ್ಸನ್ನಷ್ಟೇ ನೋಡಿ ಹೇಳಬೇಕಾಗುತ್ತದೆ.

ಭಾನುವಾರದ ಪಾಠ

ಭಾನುವಾರ ಹೋದಾಗ ಹುಡುಗನ ಮುಖ ಸಪ್ಪಗಿತ್ತು, ಆದರೆ ಕಣ್ಣು ತಗ್ಗಿಸಲಿಲ್ಲ. ಹೇಳಿಬಿಟ್ಟಿದ್ದಾನೆಂದು ಗೊತ್ತಾಯಿತು. ಕಾಫಿ ತಂದಿಟ್ಟ ತಾಯಿ, “ನಾನೇ ಎಣ್ಣೆ ಬಿಡದೆ ಹಾಳು ಮಾಡಿದೆ ಅಂದ್ಕೊಂಡಿದ್ದೆ ಮೇಷ್ಟ್ರೇ. ನಮ್ಮವ್ವ ಕೊಟ್ಟಿದ್ದು. ವಾರದಿಂದ ನಿದ್ದೆ ಇಲ್ಲ” ಎಂದರು. ಹುಡುಗ ಗೋಡೆಯ ಕಡೆ ತಿರುಗಿದ.

ನಾವು ಮೊದಲು ಮುಟ್ಟಿದ್ದು ಟೈಮಿಂಗನ್ನಲ್ಲ. ಹೊಲಿಗೆ ತಪ್ಪಿದಾಗ ಬಹಳಷ್ಟು ಸಲ ಕಾರಣ ಚಿಕ್ಕದಾಗಿರುತ್ತದೆ. ಆದ್ದರಿಂದ ಒಂದೊಂದಾಗಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬೇಡದ ಬಟ್ಟೆಯ ಮೇಲೆ ಹೊಲಿದು ನೋಡಿ, ಆಮೇಲೆ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯದೂ.

ಮೊದಲು ಸೂಜಿ. ಹೊಸದು ಹಾಕಿ. ಅದು ನಿಮ್ಮ ಯಂತ್ರದ ಜಾತಿಯದೇ ಆಗಿರಬೇಕು. ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಟೈಮಿಂಗ್ ಕೆಟ್ಟ ಹಾಗೆಯೇ ಕಾಣುತ್ತದೆ. ಸೂಜಿಯ ಬುಡ ಮೇಲಕ್ಕೆ ಪೂರ್ತಿ ತಾಗಿರಬೇಕು. ಚಪ್ಪಟೆ ಮೈ ಕೊಕ್ಕೆಯ ಕಡೆಗೆ, ಉದ್ದ ಗೀರು ನಾವು ದಾರ ಪೋಣಿಸುವ ಕಡೆಗೆ ಇರಬೇಕು. ಎರಡನೆಯದು ದಾರ. ಬಟ್ಟೆ ಒತ್ತುವ ಪಾದವನ್ನು ಎತ್ತಿ, ದಾರವನ್ನು ಮೊದಲಿನಿಂದ ಪೋಣಿಸಿ. ಪಾದ ಎತ್ತಿದಾಗಲೇ ಟೆನ್ಷನ್ ಬಿಲ್ಲೆಗಳು ಬಾಯಿ ತೆರೆದು ದಾರವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಮೂರನೆಯದು ಕಸ. ಬಾಬಿನ್ ಕೇಸ್ ತೆಗೆದು ಶಟಲ್‌ನ ಓಣಿಯಲ್ಲಿ ಸಿಕ್ಕಿಕೊಂಡ ದಾರದ ಎಳೆ, ಹತ್ತಿಯ ಧೂಳನ್ನು ಕುಂಚದಿಂದ ತೆಗೆದು, ಒಂದು ತೊಟ್ಟು ಮಿಷನ್ ಎಣ್ಣೆ ಬಿಡಿ. ಅಡುಗೆ ಎಣ್ಣೆ ಬೇಡ, ಅದು ಅಂಟಾಗಿ ಕಚ್ಚಿಕೊಳ್ಳುತ್ತದೆ.

ಮೂರನ್ನೂ ಮಾಡಿದೆವು. ಶಟಲ್‌ನ ಓಣಿಯಲ್ಲಿ ಮುರಿದ ಸೂಜಿಯ ಅಕ್ಕಿಕಾಳಿನಷ್ಟು ಚೂರೊಂದು ಸಿಕ್ಕಿತು. ಆದರೂ ಹೊಲಿಗೆ ತಪ್ಪುವುದು ನಿಲ್ಲಲಿಲ್ಲ. ಆಗ ಟೈಮಿಂಗ್ ನೋಡಲು ಕುಳಿತೆವು.

ಕಾಲು ತುಳಿಗೆಗೆ ತಾಗದಂತೆ ಚಕ್ರದ ಬೆಲ್ಟು ತೆಗೆದೆವು. ಮೋಟಾರ್ ಇರುವ ಯಂತ್ರವಾದರೆ ಪ್ಲಗ್ಗನ್ನೇ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ಬಾಬಿನ್ ಕೇಸ್ ಹೊರಗಿಟ್ಟು, ಸೂಜಿಯ ಕೆಳಗಿನ ಜಾರುವ ತಗಡು ಸರಿಸಿ, ಹುಡುಗ ಮೊಬೈಲ್ ಟಾರ್ಚ್ ಹಿಡಿದ. ನಾನು ಚಕ್ರವನ್ನು ಕೈಯಿಂದ ನಮ್ಮ ಕಡೆಗೆ ಮೆಲ್ಲಗೆ ತಿರುಗಿಸಿದೆ. ಸೂಜಿ ಕೆಳಗಿಳಿಯಿತು, ನಿಂತಿತು, ಏಳತೊಡಗಿತು. ಕೊಕ್ಕೆಯ ಮೊನೆ ಬಂತು.

“ಏನು ಕಾಣುತ್ತದೆ ಹೇಳು.”

“ಮೊನೆ ಕಣ್ಣಿನ ಮೇಲೆ ಹೋಗ್ತಿಲ್ಲ ಸಾರ್. ಕಣ್ಣಿಗಿಂತ ಕೆಳಗೆ ಹೋಗ್ತಿದೆ.”

“ಹಾಗಾದರೆ ಕುಣಿಕೆ?”

ಸ್ವಲ್ಪ ಹೊತ್ತು ಯೋಚಿಸಿದ. “ಕುಣಿಕೆ ಮೇಲೆ ಇದೆ, ಕೊಕ್ಕೆ ಅದರ ಕೆಳಗೆ ನುಸುಳಿಹೋಗ್ತಿದೆ. ಅಂದರೆ ಸೂಜಿ ಮೇಲಿದೆ. ಅವತ್ತು ಟಕ್ ಅಂದಾಗ ಮೇಲಕ್ಕೆ ಸರಿದಿರಬೇಕು ಸಾರ್!”

ಅಷ್ಟೇ ಆಗಿದ್ದುದು. ರಿಪೇರಿಯವರು ನೀಡಲ್ ಬಾರ್ ಎನ್ನುವ ಸೂಜಿಯ ಸರಳನ್ನು ಒಳಗೆ ಒಂದು ಹಿಡಿ ಕಚ್ಚಿಕೊಂಡಿರುತ್ತದೆ. ಅದಕ್ಕೊಂದು ಸ್ಕ್ರೂ. ದಪ್ಪಬಟ್ಟೆಗೋ ಗುಂಡಿಗೋ ಜೋರಾಗಿ ಬಡಿದಾಗ ಸೂಜಿ ಮುರಿಯುವ ಮೊದಲು ಸರಳು ಹಿಡಿಯಲ್ಲಿ ಮೇಲಕ್ಕೆ ಜಾರಬಹುದು. ಎರಡು ಮಿ.ಮೀ. ಜಾರಿದರೆ ಸಾಕು, ಗಳಿಗೆ ತಪ್ಪಿತು.

ಯಂತ್ರದ ಎಡತುದಿಯ ಮುಖತಗಡು ಬಿಚ್ಚಿದೆವು. ಸ್ಕ್ರೂ ಕಂಡಿತು. ಹುಡುಗ ಸ್ಕ್ರೂಡ್ರೈವರ್ ಇಡಲು ಹೋದಾಗ ತಡೆದೆ. ಸಡಿಲಿಸುವ ಮೊದಲು ಗುರುತು! ಸೂಜಿಯನ್ನು ಅತಿ ಕೆಳಕ್ಕೆ ತಂದು, ಸರಳು ತನ್ನ ತೂತಿನಿಂದ ಹೊರಬರುವ ಕಡೆ ಸಣ್ಣಗೆ ಒಂದು ಗೆರೆ ಎಳೆದೆವು. ನಮ್ಮ ಊಹೆ ತಪ್ಪಾಗಿದ್ದರೆ ಇದ್ದಲ್ಲಿಗಾದರೂ ಮರಳಬಹುದು. ಕೆಲವು ಯಂತ್ರಗಳ ಸರಳಿನ ಮೇಲೆ ಕಾರ್ಖಾನೆಯಲ್ಲೇ ಎರಡು ಗೆರೆ ಕೊರೆದಿರುತ್ತಾರೆ. ಸೂಜಿ ಅತಿ ಕೆಳಗಿರುವಾಗ ಮೇಲಿನ ಗೆರೆ ಆ ತೂತಿನ ಅಂಚಿಗೆ ಸಮವಾಗಿರಬೇಕು. ಕೆಳಗಿನ ಗೆರೆ ಅಲ್ಲಿಗೆ ಬರುವಷ್ಟು ಸೂಜಿ ಎದ್ದಾಗ ಕೊಕ್ಕೆಯ ಮೊನೆ ಸೂಜಿಯ ನಡುವಿಗೆ ಬಂದಿರಬೇಕು. ನಮ್ಮದರಲ್ಲಿ ಗೆರೆ ಇರಲಿಲ್ಲ. ಕಣ್ಣಳತೆಯೇ ಗತಿ.

ಸ್ಕ್ರೂವನ್ನು ಪೂರ್ತಿ ಬಿಚ್ಚದೆ ಸರಳು ಸರಿಯುವಷ್ಟು ಮಾತ್ರ ಸಡಿಲಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆಳಗೆ ತಂದೆವು. ಸರಳು ಮೇಲೆ ಕೆಳಗೆ ಸರಿಯಬೇಕೇ ಹೊರತು ಸುತ್ತಬಾರದು. ಸುತ್ತಿದರೆ ಸೂಜಿಯ ಚಪ್ಪಟೆ ಮೈ ಕೊಕ್ಕೆಯಿಂದ ಮುಖ ತಿರುಗಿಸಿಬಿಡುತ್ತದೆ. ಪ್ರತಿ ಸಲವೂ ಸ್ಕ್ರೂ ಬಿಗಿದು, ಚಕ್ರ ತಿರುಗಿಸಿ, ಮೊನೆ ಎಲ್ಲಿ ಹಾಯುತ್ತದೆಂದು ನೋಡಿದೆವು. ನಾಲ್ಕನೆಯ ಸಲಕ್ಕೆ ಹುಡುಗ ಕೂಗಿದ: “ಕಣ್ಣಿನ ಮೇಲೆ ಸಾರ್!” ಚೆನ್ನಾಗಿ ಬಿಗಿದು, ಕೈಯಿಂದಲೇ ಹತ್ತು ಸುತ್ತು ತಿರುಗಿಸಿ, ಎಲ್ಲಿಯೂ ತಾಗುತ್ತಿಲ್ಲವೆಂದು ಖಚಿತ ಮಾಡಿಕೊಂಡು ಬೆಲ್ಟು ಹಾಕಿದೆವು.

ತಾಯಿ ಹಳೆಯ ಪಂಚೆಯ ತುಂಡಿನ ಮೇಲೆ ಒಂದು ಮಾರುದ್ದ ಹೊಲಿದರು. ತಿರುಗಿಸಿ ನೋಡಿದರು. ಬೆರಳಿನಿಂದ ಸವರಿದರು. ಏನೂ ಹೇಳದೆ ಗಂಟು ಬಿಚ್ಚಿ ಮೊದಲನೆಯ ರವಿಕೆಯನ್ನು ಪಾದದ ಕೆಳಗೆ ಇಟ್ಟರು.

ಒಂದು ಎಚ್ಚರಿಕೆ. ಸರಳು ಸರಿಪಡಿಸಿದ ಮೇಲೂ ಹೊಲಿಗೆ ತಪ್ಪಿದರೆ, ಕೊಕ್ಕೆಯ ಮೊನೆ ಮೊಂಡಾಗಿರಬಹುದು ಅಥವಾ ಒಳಗಿನ ಭಾಗ ಸವೆದಿರಬಹುದು. ಅದು ಅನುಭವಿಗಳ ಕೆಲಸ. ಕೆಳಗಿನ ಅಚ್ಚಿನ ಸ್ಕ್ರೂಗಳಿಗೆ ಕೈ ಹಾಕಬೇಡಿ. ‘ಸೂಜಿ ಹೀಗೆ ಮುರಿಯಿತು, ಇಷ್ಟನ್ನು ನಾವು ನೋಡಿದ್ದೇವೆ’ ಎಂದು ರಿಪೇರಿಯವರಿಗೆ ಹೇಳಿದರೆ ಅವರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ.

ಪಾಲಕರಿಗೆ ಒಂದು ಮಾತು

ಏಳನೇ ತರಗತಿಯಲ್ಲಿದ್ದಾಗ ನಾನೂ ನನ್ನ ಅಮ್ಮನ ಮಿಷನ್ನಿನ ಇದೇ ಸ್ಕ್ರೂ ಬಿಚ್ಚಿದ್ದೆ. ಒಳಗೆ ಏನಿದೆ ಎಂಬ ಕುತೂಹಲ, ಅಷ್ಟೆ. ಗುರುತು ಮಾಡಿರಲಿಲ್ಲ. ಸರಳು ಜಾರಿತು. ಹೇಗೋ ಬಿಗಿದು ಮುಖತಗಡು ಮುಚ್ಚಿದೆ. ಅಪ್ಪನ ಕೈಯ ಪೆಟ್ಟು ನೆನಪಾಗಿ ಬಾಯಿಯನ್ನೂ ಮುಚ್ಚಿಕೊಂಡೆ. ಅಮ್ಮ ಮಿಷನ್ನಿನ ತಲೆಯನ್ನು ಗೋಣಿಯಲ್ಲಿ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದಳು. ಅಲ್ಲಿ ಮೂರು ದಿನ ಹಿಡಿಯಿತು. ಎಷ್ಟೋ ವರ್ಷಗಳ ಮೇಲೆ, ನನಗೆ ಕೆಲಸ ಸಿಕ್ಕಿ ಮೊದಲ ಸಂಬಳ ತಂದುಕೊಟ್ಟ ದಿನ ಧೈರ್ಯಮಾಡಿ ಹೇಳಿದೆ. ಅವಳು ನಕ್ಕುಬಿಟ್ಟಳು. “ಅವತ್ತೇ ಹೇಳಿದ್ರೆ ಎಂಟು ರೂಪಾಯಿ ಉಳೀತಿತ್ತಲ್ಲೋ!”

ನನಗೆ ನೋವಾದದ್ದು ಎಂಟು ರೂಪಾಯಿಗಲ್ಲ. ಆ ಮೂರು ದಿನವೂ ಅವಳು ತನ್ನದೇ ತಪ್ಪೆಂದು ಕೊರಗಿದ್ದಳು.

ಮಕ್ಕಳು ಯಂತ್ರ ಬಿಚ್ಚಿದರೆ ಬೈಯಬೇಡಿ ಎಂದು ನಾನು ಹೇಳುವುದಿಲ್ಲ. ಬೈಯಿರಿ, ಆದರೆ ‘ನಾನೇ ಮಾಡಿದೆ’ ಎಂದು ಬಂದು ಹೇಳಿದ ದಿನ ಮಾತ್ರ ಬೈಯಬೇಡಿ. ಆ ಮಾತು ಬೇಗ ಬಂದರೆ ಕೆಟ್ಟದ್ದು ಎಲ್ಲಿ ಜಾರಿತೆಂದು ಗೊತ್ತಾಗುತ್ತದೆ. ತಡವಾದಷ್ಟೂ ಬೇರೆ ಯಾರೋ ಅದರ ಬೆಲೆ ತೆರುತ್ತಿರುತ್ತಾರೆ. ಮಕ್ಕಳೇ, ನಿಮಗೂ ಎರಡೇ ಮಾತು: ಬಿಚ್ಚುವ ಮೊದಲು ಗುರುತು ಮಾಡಿ, ಕೆಟ್ಟರೆ ಅಂದೇ ಹೇಳಿ.

ಮಾಡಿ ನೋಡಿ

ಯಂತ್ರದ ಒಂದು ಸೂಜಿಗೆ ಉದ್ದ ಗೀರಿನ ಕಡೆಯಿಂದ ಬಣ್ಣದ ದಾರ ಪೋಣಿಸಿ. ಕಸೂತಿ ಹಾಕುವ ಬಳೆಗೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಅದನ್ನು ಗೆಳೆಯನೊಬ್ಬ ಎರಡೂ ಕೈಯಲ್ಲಿ ಅಂಚಿಗೆ ಹಿಡಿದುಕೊಳ್ಳಲಿ. ಬೆರಳು ಸೂಜಿಯ ದಾರಿಯಲ್ಲಿ ಇರಬಾರದು. ಸೂಜಿಯನ್ನು ನೇರವಾಗಿ ಚುಚ್ಚಿ ಕೆಳಗಿಳಿಸಿ. ಈಗ ಎರಡೇ ಮಿಲಿಮೀಟರಿನಷ್ಟು ಮೇಲೆತ್ತಿ, ಬಟ್ಟೆಯ ಕೆಳಗೆ ಬಗ್ಗಿ ನೋಡಿ. ಚಪ್ಪಟೆ ಮೈಯ ಕಡೆ ಪುಟ್ಟ ಕುಣಿಕೆ ಮೂಡಿರುತ್ತದೆ. ಇನ್ನೊಂದು ಸೂಜಿಯ ಮೊನೆಯಿಂದ ಅದನ್ನು ಎತ್ತಿ ಹಿಡಿಯಲು ಪ್ರಯತ್ನಿಸಿ. ಸೂಜಿಯನ್ನು ಮೇಲೆತ್ತದೆ ಇದ್ದರೆ ಏನಾಗುತ್ತದೆ? ತುಂಬ ಮೇಲೆತ್ತಿದರೆ? ಬಟ್ಟೆಯನ್ನು ಸಡಿಲವಾಗಿ ಕಟ್ಟಿದರೆ? ಮೂರನ್ನೂ ಬೇರೆ ಬೇರೆಯಾಗಿ ಮಾಡಿ, ಕಂಡದ್ದನ್ನು ಬರೆದಿಡಿ. ಮಾಡಿ ಮುಗಿದ ಮೇಲೆ ಸೂಜಿ ಎಣಿಸಿ ಡಬ್ಬಿಗೆ ಹಾಕಲು ಮರೆಯಬೇಡಿ.